ಶಾಲು ಸಾಕು, ಅರ್ಜಿ ಬರೆದುಕೊಡಿ

“ದೇಶ ಕಾಯ್ದವರ ಹೆಸರಿನಲ್ಲಿ ಡಬ್ಬಿ ಹಿಡಿದು ಚಂದಾ ಎತ್ತುವುದು ಅವರಿಗೇ ಅವಮಾನ. ಸರ್ಕಾರ ಪಿಂಚಣಿ ಕೊಡುತ್ತದಲ್ಲ? ಸಶಸ್ತ್ರ ಪಡೆಗಳ ಧ್ವಜ ದಿನದ ಮನವಿಗೆ ನೀವು ಅರ್ಧ ಪುಟ ಕೊಟ್ಟದ್ದು ಸರಿಕಾಣಲಿಲ್ಲ.”
– ಒಬ್ಬ ನಿವೃತ್ತ ಶಿಕ್ಷಕ, ಭಾಲ್ಕಿ

ಮೇಷ್ಟ್ರೇ, ಸೈನಿಕನ ಮನೆಯನ್ನು ಸರ್ಕಾರವೇ ನೋಡಿಕೊಳ್ಳಬೇಕು ಎಂಬುದು ನ್ಯಾಯವಾದ ಮಾತು. ಒಪ್ಪಿದೆ. ಇನ್ನು ನನ್ನದನ್ನು ಕೇಳಿ.

ಪಿಂಚಣಿ ಎಲ್ಲರಿಗೂ ಬರುತ್ತದೆಂದು ಯಾರು ಹೇಳಿದರು? ಜವಾನನಾಗಿ ಸೇರಿದವನು 15 ವರ್ಷ ತುಂಬುವ ಮೊದಲೇ ಊರಿಗೆ ಮರಳಿದರೆ ಸೇವಾ ಪಿಂಚಣಿ ಇಲ್ಲ. ಹಾಗೆ ಮರಳಿ, ಮಂದಿಯ ಹೊಲದಲ್ಲಿ ತೊಗರಿ ಕೊಯ್ದು ಮುದುಕರಾದವರು ನಮ್ಮಲ್ಲಿದ್ದಾರೆ. 65 ದಾಟಿದ ಅಂಥವರಿಗೆ, ಅವರ ವಿಧವೆಯರಿಗೆ ರಕ್ಷಣಾ ಸಚಿವರ ನಿಧಿಯಿಂದ ತಿಂಗಳಿಗೆ 4,000 ರೂಪಾಯಿ ಬರುತ್ತಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 8,000 ಮಾಡಿದರು. ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿತು. ಈ ನಿಧಿಯ ಬೇರು ಎಲ್ಲಿದೆ ಗೊತ್ತೇ? ಧ್ವಜ ದಿನದ ನಿಧಿಯಲ್ಲಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಪುಟ್ಟ ಬಾವುಟವನ್ನು ಅಂಗಿಗೆ ಚುಚ್ಚಿ ಮುಂದೆ ಹಿಡಿಯುತ್ತಾರಲ್ಲ, ನೀವು ಮುಖ ತಿರುಗಿಸಿದ ಅದೇ ಡಬ್ಬಿಯಲ್ಲಿ. (ಶಾಲಾ ಮಕ್ಕಳಿಗೆ ಬಾವುಟವನ್ನು ಒತ್ತಾಯದಿಂದ ಮಾರುವುದು ನನಗೂ ಹಿಡಿಸದು.)

ಅವಮಾನದ ಮಾತು ಬಂತು. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರಿನ ಪಂಕ್ತಿಗೆ ಕುಳಿತವನಿಗೆ ಅವಮಾನವಾಯಿತೆಂದು ನೀವು ಹೇಳುತ್ತೀರಾ? ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿ ಉಂಡವನಿಗೆ? ನಮ್ಮ ನೆಲದಲ್ಲಿ ನೀಡುವವನೇ ಬಾಗುತ್ತಾನೆ.

ನಾನು ಕಂಡ ಅವಮಾನ ಬೇರೆ. ಚಿತ್ತಾಪುರದ ಕಡೆಯ ಒಬ್ಬ ಮುದುಕಿ ಗಂಡ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ ಇಟ್ಟಿದ್ದಳು. ತೆರೆದರೆ ಹಿಟ್ಟು ಉದುರಿತು. ಪುಸ್ತಕದಲ್ಲಿ ಗಂಡನ ಹೆಸರಿನ ಕೊನೆಗೆ ‘ಅಪ್ಪ’ ಇಲ್ಲ, ಅವಳ ಆಧಾರಿನಲ್ಲಿ ಇದೆ. ಆ ನಿಧಿಯ ನೆರವಿಗೆ ಅರ್ಜಿ ಕೊಟ್ಟ ಕಚೇರಿಯಲ್ಲಿ, ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ತರಲು ಹೇಳಿದರು. ನಲವತ್ತು ವರ್ಷ ಸಂಸಾರ ಮಾಡಿದವಳು ನನ್ನತ್ತ ತಿರುಗಿ, “ಇಬ್ಬರಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?” ಎಂದಳು. ಗುಮಾಸ್ತನೂ ನಕ್ಕ, ಅರ್ಜಿ ಮಾತ್ರ ವಾಪಸು ಬಂತು.

ಅದೇ ಊರಿನಲ್ಲಿ ಆಗಸ್ಟ್ 15ರಂದು ಅವಳಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡವರು ಹನ್ನೊಂದು ಜನ, ನಾನೇ ಎಣಿಸಿದೆ. ಅವರಲ್ಲಿ ಒಬ್ಬನೂ ಅವಳೊಂದಿಗೆ ಬಸ್ ಹತ್ತಲಿಲ್ಲ. ಬೀದರಿನ ಆಕಾಶದಲ್ಲಿ ವಾಯುಪಡೆಯ ಸೂರ್ಯಕಿರಣ್ ವಿಮಾನಗಳು ಹಾರಿದರೆ ಕತ್ತು ನೋಯುವವರೆಗೆ ನೋಡುತ್ತೇವೆ, ಕಣ್ಣು ಕೆಳಗಿಳಿಯುವುದೇ ಇಲ್ಲ. 2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣವೆಂದು ಹೆಸರಿಟ್ಟದ್ದಕ್ಕೂ ಪಟಾಕಿ ಹೊಡೆದೆವು. ಆ ಮುದುಕಿಯ ಅರ್ಜಿಯನ್ನು ನಾನು ತುಂಬಿದ್ದು ಇಂಗ್ಲಿಷಿನಲ್ಲೇ.

ನಿಮ್ಮ ಕಾರ್ಡಿನ ಅಕ್ಷರ ಮುತ್ತು ಪೋಣಿಸಿದಂತಿದೆ, ಮೇಷ್ಟ್ರೇ. ನಿವೃತ್ತರಾಗಿದ್ದೀರಿ, ಬಿಡುವೂ ಇದೆ. ನಿಮ್ಮ ತಾಲ್ಲೂಕಿನಲ್ಲಿ ಇಂಥ ಮನೆಗಳು ಎಷ್ಟಿವೆಯೆಂದು ವಿಚಾರಿಸಿ ಬರೆಯಿರಿ, ಪುಟ ನಾನು ಕೊಡುತ್ತೇನೆ. ಅಫಿಡವಿಟ್ ಆಗಿದೆ, ಸೋಮವಾರ ನಾನೂ ಅವಳೂ ಅದೇ ಕಚೇರಿಗೆ ಮೂರನೆಯ ಸಲ ಹೋಗುತ್ತಿದ್ದೇವೆ.

– ಸಂ.