ಕಿತ್ತು ತಂದ ತಂಗಡಿ ಗಿಡ ಯಾಕೆ ಬದುಕುತ್ತಿಲ್ಲ?

ಪ್ರಶ್ನೆ: ನಮ್ಮ ಮನೆ ವಿಜಯಪುರದಲ್ಲಿ, ಎರೆ ಮಣ್ಣು. ಬೇಸಿಗೆಯಲ್ಲಿ ನೀರಿನ ತೊಂದರೆ ಇದೆ, ಅದಕ್ಕೇ ರಸ್ತೆ ಬದಿಯ ತಂಗಡಿ (ಹಳದಿ ಹೂವಿನ ಆವರಿಕೆ) ಸಸಿ ಕಿತ್ತು ತಂದು ಹಚ್ಚಿದೆ. ಎರಡು ಸಲವೂ ವಾರದೊಳಗೆ ಒಣಗಿತು. ಬೀಜ ಹಾಕಿದರೆ ಮೊಳಕೆಯೇ ಬರಲಿಲ್ಲ. ಏನು ಮಾಡಲಿ?

ಉತ್ತರ: ಅಕ್ಕಾರೆ, ಮೊದಲು ಸಸಿ ಕೀಳೋದನ್ನು ಬಿಡಿ. ಗೇಣುದ್ದದ ತಂಗಡಿ ಜಗ್ಗಿದಾಗ ‘ಟಕ್’ ಅಂತ ಕೈಗೆ ಬಂದಿರಬೇಕು ಅಲ್ವಾ? ಅದು ಬೇರು ತುಂಡಾದ ಸದ್ದು. ಈ ಗಿಡ ಮೇಲೆ ಏಳುವ ಮೊದಲೇ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಬಿರುಬಿಸಿಲಲ್ಲೂ ಹಸಿರಾಗಿ ನಿಲ್ಲೋದು ಆ ಬೇರಿನ ಮೇಲೆಯೇ. ಅದು ಹೋದ ಮೇಲೆ ಎಷ್ಟು ನೀರು ಹಾಕಿದರೂ ಅಷ್ಟೇ.

ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ನೀರು ಒಳಗೆ ಇಳಿಯೋದಿಲ್ಲ. ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ಸರಸರ ಅನ್ನುವ ಕಾಯಿ ಬಿಡಿಸಿ ಬೀಜ ತೆಗೆಯಿರಿ. ನೀರು ಕುದಿಸಿ ಇಳಿಸಿ, 5 ನಿಮಿಷ ಬಿಟ್ಟು ಬೀಜದ ಮೇಲೆ ಸುರಿಯಿರಿ, ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದೆ ಉಳಿದದ್ದನ್ನು ಪಾಲಿಶ್ ಪೇಪರ್ ಮೇಲೆ ಎರಡು ಸಲ ತಿಕ್ಕಿ ಮತ್ತೆ ನೆನೆಹಾಕಿ.

ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಕೂರುತ್ತದೆ, ತಂಗಡಿಗೆ ಅದು ಆಗಿಬರೋದಿಲ್ಲ. ಬದುವಿನಲ್ಲಿ, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ನೆಲದಲ್ಲಿ ಎಷ್ಟು ಚೆನ್ನಾಗಿರುತ್ತದೆ ನೋಡಿ. ಮೊಳಕಾಲೆತ್ತರ ದಿಬ್ಬ ಮಾಡಿ, ಅರ್ಧಕ್ಕರ್ಧ ಗರಸು ಬೆರೆಸಿ, ಜೂನ್‌ನ ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಅಲ್ಲೇ ಬಿತ್ತಿ. ಕುಂಡದಲ್ಲಿ ಬೆಳೆಸಿ ಕಿತ್ತು ನೆಡೋದು ಬೇಡ, ಗೊಬ್ಬರವೂ ಬೇಡ. ದಿನವಿಡೀ ಬಿಸಿಲು ಬೀಳಬೇಕು. ಮೊದಲ ಬೇಸಿಗೆಗೆ ವಾರಕ್ಕೊಂದು ಕೊಡ ನೀರು ಸಾಕು. ಆಮೇಲೆ ಸುಮ್ನೆ ಬಿಟ್ಟುಬಿಡಿ, ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ನಮ್ಮ ಮಳೆಯಲ್ಲೇ ಅದು ಬದುಕುತ್ತದೆ.

ತೆಲಂಗಾಣದವರು ಇದನ್ನು ರಾಜ್ಯದ ಹೂವು ಮಾಡಿಕೊಂಡಿದ್ದಾರೆ, ಬತುಕಮ್ಮ ಹಬ್ಬಕ್ಕೂ ಇದು ಬೇಕು. ನಾವು ಬದುವಿನ ಗಿಡ ಅಂತ ಕಡಿದು ಹಾಕುತ್ತೇವೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು.

ಹೂ ಬಿಟ್ಟಾಗ ಬೆಳಿಗ್ಗೆ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಈ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಇರೋದು ತುದಿಯಲ್ಲಿ ಸಣ್ಣ ತೂತು ಇರುವ ಚೀಲಗಳಲ್ಲಿ. ಕರಿ ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ಮೈ ನಡುಗಿಸುತ್ತದೆ, ಆಗ ಪುಡಿ ಉದುರುತ್ತದೆ.

ಎಲೆ ಮೇಲೆ ಹಸಿರು ಹುಳು ಕಂಡರೆ ಔಷಧಿ ಹೊಡೀಬೇಡಿ. ಹೆಚ್ಚಾಗಿ ಅವು ಹಳದಿ ಚಿಟ್ಟೆಯ ಮರಿಗಳು, ತಿಂದ ಕಡೆ ಗಿಡ ಮತ್ತೆ ಚಿಗುರುತ್ತದೆ.