ಡ್ರಾಪ್‌ಔಟ್ ಏರಿಸಿದರೂ ತೋಟದಲ್ಲಿ ತಪ್ಪೇಕೆ?

ಪ್ರಶ್ನೆ: ಟೊಮ್ಯಾಟೊ ಎಲೆಯ ಫೋಟೊ ನೋಡಿ ರೋಗ ಹೇಳುವ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ಮಾಡುತ್ತಿದ್ದೇನೆ. ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರ ಸಂಗ್ರಹದ ಚಿತ್ರಗಳಿಂದ ತರಬೇತಿ ಕೊಟ್ಟೆ. ಅವುಗಳಲ್ಲಿ ನೂರಕ್ಕೆ 99 ಸರಿ. ನಮ್ಮ ತೋಟದ ಫೋಟೊ ಕೊಟ್ಟರೆ ಅರ್ಧಕ್ಕರ್ಧ ತಪ್ಪು. ಉರು ಹೊಡೆಯುವುದನ್ನು ತಡೆಯುವ ಡ್ರಾಪ್‌ಔಟ್ ಎಂಬ ಉಪಾಯವನ್ನು 0.5ಕ್ಕೆ ಏರಿಸಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕೋಲಾರ

ಉತ್ತರ: ಡ್ರಾಪ್‌ಔಟನ್ನು ಸದ್ಯಕ್ಕೆ ಮುಟ್ಟಬೇಡಿ, ಮೊದಲು ಫೋಟೊಗಳನ್ನು ಹರಡಿಕೊಂಡು ನೋಡಿ. ಆ ಸಂಗ್ರಹದಲ್ಲಿ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಾಳೆಯಂಥ ಹಿನ್ನೆಲೆಯ ಮೇಲಿಟ್ಟು ತೆಗೆದಿದ್ದಾರೆ. ನಿಮ್ಮ ತೋಟದ ಫೋಟೊದಲ್ಲಿ ಕೆಮ್ಮಣ್ಣು, ಡ್ರಿಪ್ ಪೈಪು, ಆಸರೆ ಕೋಲು ಎಲ್ಲ ಇರುತ್ತವೆ. 2016ರಲ್ಲಿ ಅದೇ ಸಂಗ್ರಹದ 54,306 ಚಿತ್ರಗಳ ಮೇಲೆ ನಡೆದ ಅಧ್ಯಯನದಲ್ಲೂ ಹೀಗೇ ಆಗಿತ್ತು: ಸಂಗ್ರಹದೊಳಗಿನ ಪರೀಕ್ಷೆಯಲ್ಲಿ 99.35%, ಹೊರಗಿನ ಚಿತ್ರಗಳಲ್ಲಿ ಸುಮಾರು 31%.

ಡ್ರಾಪ್‌ಔಟ್ ಪ್ರತಿ ಸುತ್ತಿನಲ್ಲೂ ಚೀಟಿ ಎತ್ತಿದಂತೆ ಒಂದಷ್ಟು ನ್ಯೂರಾನ್‌ಗಳನ್ನು, ಅಂದರೆ ನೆಟ್‌ವರ್ಕಿನ ಪುಟ್ಟ ಲೆಕ್ಕದ ಘಟಕಗಳನ್ನು, ಸುಮ್ಮನಿರಿಸುತ್ತದೆ; 0.5 ಎಂದರೆ ಸುಮಾರು ಅರ್ಧದಷ್ಟನ್ನು. ಪಕ್ಕದವರನ್ನೇ ನೆಚ್ಚಿಕೊಂಡು ಉರು ಹೊಡೆಯುವುದು ಆಗ ಕಷ್ಟ. ಆದರೆ ಎಲ್ಲ ಚಿತ್ರಗಳ ಹಿಂದೆಯೂ ಅದೇ ಹಾಳೆಯಿದ್ದರೆ ಉಳಿದ ನ್ಯೂರಾನ್‌ಗಳು ಕಲಿಯುವುದೂ ಅದನ್ನೇ.

ತೋಟದ ಫೋಟೊಗಳನ್ನೂ ತರಬೇತಿಗೆ ಸೇರಿಸಿ, ಇನ್ನೂರಾದರೂ ಸರಿ. ತರಬೇತಿಗೂ ಪರೀಕ್ಷೆಗೂ ಹಂಚುವಾಗ ಗಿಡಗಳ ಸಾಲುವಾರು ಹಂಚಿ, ಒಂದು ಸಾಲಿನ ಫೋಟೊಗಳೆಲ್ಲ ಒಂದೇ ಕಡೆ ಇರಲಿ. ನಾನು ಕಾಫಿ ಎಲೆಗಳ ಕೆಲಸದಲ್ಲಿ ಒಂದೇ ಗಿಡದ ಎಂಟು ಫೋಟೊ ತರಬೇತಿಗೆ, ಎರಡು ಪರೀಕ್ಷೆಗೆ ಹಾಕಿ ಮೂರು ವಾರ ಹಿಗ್ಗಿದ್ದೆ. ಗಿಡವಾರು ಬೇರ್ಪಡಿಸಿದ ದಿನ ಅಂಕ ದೊಪ್ಪೆಂದು ಬಿತ್ತು. ನಿಜವಾದ ಅಂಕ ಅದೇ ಆಗಿತ್ತು.

ಆಮೇಲೆ ಚಿತ್ರಗಳನ್ನು ತಿರುಗಿಸಿ, ಅಲ್ಲಲ್ಲಿ ಕತ್ತರಿಸಿ, ಬೆಳಕು ಹೆಚ್ಚುಕಡಿಮೆ ಮಾಡಿ ಕೊಡಿ. ಬಣ್ಣವನ್ನು ಮಾತ್ರ ಬದಲಿಸಬೇಡಿ. ಮುಟುರು ರೋಗದಲ್ಲಿ ಎಲೆಯಂಚು ಹಳದಿಗೆ ತಿರುಗುವುದೇ ಗುರುತು. ಹಸಿರನ್ನು ನೀವೇ ಹಳದಿ ಮಾಡಿಕೊಟ್ಟರೆ ನೆಟ್‌ವರ್ಕ್ ಏನು ಕಲಿತೀತು? ಎಷ್ಟೋ ಪ್ರಾಜೆಕ್ಟುಗಳು ಇಲ್ಲೇ ಎಡವುತ್ತವೆ.

ವೇಟ್ ಡಿಕೇ, ಅಂದರೆ ತೂಕಗಳು (ನ್ಯೂರಾನ್‌ಗಳ ನಡುವಿನ ಕೊಂಡಿಗಳ ಬಲ ಹೇಳುವ ಸಂಖ್ಯೆಗಳು) ವಿಪರೀತ ಬೆಳೆಯದಂತೆ ಹಾಕುವ ಕಡಿವಾಣ, 0.0005ರಿಂದ ಶುರುಮಾಡಿ. ಚಿತ್ರ ಗುರುತಿಸುವುದರಲ್ಲಿ ಹೆಸರಾದ 2012ರ ಅಲೆಕ್ಸ್‌ನೆಟ್ ಎಂಬ ನೆಟ್‌ವರ್ಕಿನಲ್ಲಿ ಇದ್ದದ್ದು ಇದೇ ಬೆಲೆ, ಜೊತೆಗೆ 0.5ರ ಡ್ರಾಪ್‌ಔಟ್. ಮತ್ತೆರಡು ಸಾಲುಗಳ ಫೋಟೊ ಬೇರೆ ಇಟ್ಟು, ಅವುಗಳ ಮೇಲಿನ ದೋಷ ಇಳಿಯುವುದು ನಿಂತು ಏರತೊಡಗಿದರೆ ತರಬೇತಿ ನಿಲ್ಲಿಸಿ. ಪರೀಕ್ಷೆಯ ಸಾಲುಗಳನ್ನು ಇದಕ್ಕೆ ಬಳಸಬೇಡಿ. ಅವನ್ನು ಕೊನೆಯ ದಿನ ಒಮ್ಮೆ ಮಾತ್ರ ತೆರೆಯಿರಿ.