ರಾತ್ರಿಪಾಳಿಯ ಹೊಣೆ: ಯುವ ವೈದ್ಯೆಯೊಬ್ಬರ ಆಪ್ತಸಲಹೆ ಪ್ರಕರಣ

ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿರುವ ಈ ಪ್ರಕರಣದ ವೈದ್ಯೆ ಮಂಜೇಶ್ವರ ತಾಲೂಕಿನ ಅಡಿಕೆ ಕೃಷಿಕರ ಮನೆಯವರು. ಕನ್ನಡ ಮಾಧ್ಯಮದಲ್ಲಿ ಓದಿ, ಎಂಬಿಬಿಎಸ್ ಮುಗಿಸಿ, ಕಾಸರಗೋಡು ಜಿಲ್ಲೆಯ ಆಸ್ಪತ್ರೆಯೊಂದರ ಕ್ಯಾಶುವಲ್ಟಿಗೆ, ಎಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ, ಸೇರಿದ್ದರು. ಎದೆನೋವಿನಿಂದ ಬಂದ ರೋಗಿಯೊಬ್ಬರನ್ನು ಅವರು ರಾತ್ರಿ ಮಂಗಳೂರಿಗೆ ಕಳುಹಿಸಿದರು. ರೋಗಿ ದಾರಿಯಲ್ಲೇ ತೀರಿಕೊಂಡರು. ಅಂದಿನಿಂದ ಸಣ್ಣ ತೊಂದರೆಯವರನ್ನೂ ಮುಂದಿನ ಆಸ್ಪತ್ರೆಗೆ ಕಳುಹಿಸತೊಡಗಿದ ಆಕೆ, ತಾನು ಈ ವೃತ್ತಿಗೆ ತಕ್ಕವಳಲ್ಲವೆಂದು ಹೇಳುತ್ತ ನನ್ನಲ್ಲಿಗೆ ಬಂದರು.

ಮೊದಲು ನಿದ್ದೆ, ಊಟ ಮತ್ತು ಆತ್ಮಹತ್ಯೆಯ ಯೋಚನೆಗಳ ಬಗ್ಗೆ ನೇರವಾಗಿಯೇ ಕೇಳಿದೆ. ಖಿನ್ನತೆಯ ಲಕ್ಷಣಗಳಿದ್ದರೆ ಮನೋವೈದ್ಯರ ಚಿಕಿತ್ಸೆಯೇ ಮೊದಲಾಗಬೇಕು. ವೃತ್ತಿ ತರಬೇತಿ, ಎಂದರೆ ಕೆಲಸದ ತೊಡಕುಗಳನ್ನು ಬಿಡಿಸಿಕೊಳ್ಳಲು ನೆರವಾಗುವ ಇಂಥ ಮಾತುಕತೆ, ಅದಕ್ಕೆ ಬದಲಿಯಲ್ಲ. ಇಲ್ಲಿ ಅಂಥ ಲಕ್ಷಣಗಳಿರಲಿಲ್ಲ.

ಆ ರಾತ್ರಿ ನಡೆದುದನ್ನು ಗಂಟೆ-ನಿಮಿಷ ಸಹಿತ ಬರೆದು, ತಮ್ಮ ಆಸ್ಪತ್ರೆಯಲ್ಲೇ ನಂಬಿಕೆಯ ಹಿರಿಯ ವೈದ್ಯರೊಬ್ಬರ ಮುಂದಿಡುವಂತೆ ತಿಳಿಸಿದೆ. ಎದೆನೋವಿನವರಿಗೆ 10 ನಿಮಿಷಗಳೊಳಗೆ ಆಗಬೇಕಾದ ಇಸಿಜಿ ಆಗಿತ್ತು, ಆಸ್ಪಿರಿನ್ ಕೊಟ್ಟಾಗಿತ್ತು, ಆಂಬುಲೆನ್ಸ್ ತಡವಾಗಿರಲಿಲ್ಲ. ಇಲ್ಲಿನ ಎಷ್ಟೋ ರೋಗಿಗಳು ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡನ್ನು ಈ ಊರಿನವರು ಮರೆತಿಲ್ಲ. ಕಾಸರಗೋಡಿನಿಂದ ಮಂಗಳೂರಿಗಿರುವ ಸುಮಾರು 50 ಕಿಲೋಮೀಟರಿನ ದೂರವನ್ನು ಕಿರಿಯ ವೈದ್ಯೆಯೊಬ್ಬಳು ತನ್ನ ತಪ್ಪೆಂದು ಹೊರುವುದು ಅನ್ಯಾಯವೆಂದು ಆಕೆಗೆ ಸ್ಪಷ್ಟವಾಗಿ ಹೇಳಿದೆ.

ತಿದ್ದಿಕೊಳ್ಳಬೇಕಾದುದು ಬೇರೆಯೇ ಇತ್ತು. ಬೈಸಿಕೊಳ್ಳುವ ಭಯದಿಂದಲೂ, ಅವಸರದಲ್ಲಿ ಮಲಯಾಳಂ ತಡವರಿಸುವ ಸಂಕೋಚದಿಂದಲೂ ಆಕೆ ರಾತ್ರಿ ಹಿರಿಯರಿಗೆ ಫೋನು ಮಾಡುತ್ತಲೇ ಇರಲಿಲ್ಲ. ನಾನು ಕೊಟ್ಟ ಸಲಹೆ ಇದು: "ಕರೆ ಮಾಡುವ ಮೊದಲು ರೋಗಿಯ ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಅವರಿಂದ ಬೇಕಾದ ನೆರವು, ಇವಿಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಅದೇ ಕ್ರಮದಲ್ಲಿ ಹೇಳಿ. ಯಾವ ಸ್ಥಿತಿಯಲ್ಲಿ ಎಬ್ಬಿಸಲೇಬೇಕೆಂಬುದನ್ನು ಹಗಲಲ್ಲೇ ಅವರೊಡನೆ ಮಾತಾಡಿ ನಿಶ್ಚಯಿಸಿಕೊಳ್ಳಿ." ಈ ಕರೆಗಳನ್ನು ನನ್ನೆದುರೇ ಮಲಯಾಳದಲ್ಲಿ ಅಭ್ಯಾಸ ಮಾಡಿಸಿದೆ, ಬಹುಶಃ ಎಲ್ಲಕ್ಕಿಂತ ಹೆಚ್ಚು ಉಪಕರಿಸಿದ್ದು ಇದೇ.

ಇಂಥ ವೃತ್ತಿ ತರಬೇತಿಗೆ ಆಧಾರವಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ 88 ವೈದ್ಯರೊಡನೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫೋನಿನ ಮೂಲಕ ಆರು ಬಾರಿ ತರಬೇತಿ ಪಡೆದವರ ಭಾವನಾತ್ಮಕ ಬಳಲಿಕೆ ಕಡಿಮೆಯಾಗಿತ್ತು. ನಮ್ಮ ಆಸ್ಪತ್ರೆಗಳು ಹೊಸ ವೈದ್ಯರಿಗೆ ಇದನ್ನು ಕೆಲಸದ ಭಾಗವಾಗಿಯೇ ಒದಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಕೆ ಈಗ ಹಿರಿಯರಿಗೆ ಕರೆ ಮಾಡುತ್ತಾರೆ, ಅನಗತ್ಯವಾಗಿ ರೋಗಿಗಳನ್ನು ಕಳುಹಿಸುವುದು ಕಡಿಮೆಯಾಗಿದೆ. ಕೆಲಸ ಬಿಟ್ಟು, ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದಲೇ ಎಂಬ ಪ್ರಶ್ನೆ ಉಳಿದಿದೆ. ಕೆಲಸಕ್ಕೆ ಹೆದರಿ ಓಡುವುದಕ್ಕೂ ಓದಬೇಕೆಂಬ ಆಸೆಗೂ ಇರುವ ಅಂತರ ತಮಗೇ ಸ್ಪಷ್ಟವಾಗುವವರೆಗೆ, ರಾಜೀನಾಮೆ ಬರೆಯಬಾರದೆಂದು ತಿಳಿಸಿದ್ದೇನೆ. ಮುಂದಿನ ಭೇಟಿಯಲ್ಲಿ ಮನೆಯವರ ನಿರೀಕ್ಷೆಗಳ ಜೊತೆಗೆ ಅದನ್ನೇ ಚರ್ಚಿಸಲಿದ್ದೇವೆ.